ಮಗಳ ಕರ್ನಾಟಕ ಸಂಗೀತವನ್ನು ಬೆಳಗಾವಿಯಲ್ಲಿ ಏನು ಮಾಡೋದು?

ಪ್ರಶ್ನೆ: ನಾವು ಮೈಸೂರಿನವರು. ಯಜಮಾನರಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಹೋದ ಜೂನ್‌ನಲ್ಲಿ ಬೆಳಗಾವಿಗೆ ಬಂದೆವು. ಟಿಳಕವಾಡಿಯಲ್ಲಿ ಮನೆ. ಮಗಳಿಗೆ 12 ವರ್ಷ. ನಾಲ್ಕು ವರ್ಷ ಕರ್ನಾಟಕ ಸಂಗೀತ ಕಲಿತಿದ್ದಾಳೆ. ವರ್ಣ ಮುಗಿದು ಏಳೆಂಟು ಕೃತಿ ಬರುತ್ತವೆ. ಇಲ್ಲಿ ಯಾರನ್ನು ಕೇಳಿದರೂ ಹಿಂದೂಸ್ತಾನಿಯೇ. ಕರ್ನಾಟಕದಲ್ಲೇ ಇದ್ದು ಕರ್ನಾಟಕ ಸಂಗೀತಕ್ಕೆ ಮೇಷ್ಟ್ರು ಸಿಗಲ್ಲ ಅಂದರೆ ಹೇಗೆ? ಒಬ್ಬರ ಹತ್ತಿರ ಕರೆದುಕೊಂಡು ಹೋದೆ. "ಮೊದಲ ಕಲ್ತದ್ದು ಪೂರಾ ಮರೀಬೇಕ್ರಿ, ಇಲ್ಲಾಂದ್ರ ಗಂಟಲು ಕೆಡತೈತಿ" ಅಂದರು. ಮಗಳು ಮನೆಗೆ ಬಂದು ಅತ್ತಳು. ಪಕ್ಕದ ಮನೆಯವರು ಇದು ಈ ಮಣ್ಣಿನ ಗುಣ, ಇಲ್ಲಿ ಆ ಸಂಗೀತ ಹತ್ತುವುದಿಲ್ಲ ಅನ್ನುತ್ತಾರೆ. ನಮ್ಮ ಅತ್ತೆಗೆ ಬೇರೆ ಚಿಂತೆ: ಹಿಂದೂಸ್ತಾನಿ ಅಂದರೆ ಹಿಂದಿ, ಮರಾಠಿ, ಮಗು ದೇವರನಾಮ ಮರೆತುಬಿಡುತ್ತೆ ಅಂತ. ಬಿಡಿಸಬೇಕಾ, ಬದಲಿಸಬೇಕಾ, ಮೈಸೂರಿನ ಟೀಚರ್ ಹತ್ತಿರವೇ ಆನ್‌ಲೈನ್‌ನಲ್ಲಿ ಮುಂದುವರಿಸಬೇಕಾ?

ಉತ್ತರ: ಮೊದಲು ಮಗಳಿಗೆ ಹೇಳಿಬಿಡಿ, ಮರೆಯಬೇಕಾದ್ದು ಏನೂ ಇಲ್ಲ. ಈಜು ಬಂದವರಿಗೆ ಈಜು ಮರೆತು ಬಾ ಅಂದರೆ ಆಗುತ್ತದೆಯೇ? ಸ್ವರವೂ ಹಾಗೆಯೇ.

ನಾನು ಶಹಾಪುರದಲ್ಲಿ ಮೂವತ್ತು ವರ್ಷದಿಂದ ಗಾಯನ ಕಲಿಸುತ್ತಿದ್ದೇನೆ. ಬ್ಯಾಂಕು, ಮಿಲಿಟರಿ, ಕಾಲೇಜು ಅಂತ ವರ್ಗವಾಗಿ ಬಂದವರ ಮಕ್ಕಳು ನನ್ನ ಮೆಟ್ಟಿಲು ಹತ್ತುತ್ತಲೇ ಇರುತ್ತಾರೆ. ಶುರುವಿನಲ್ಲಿ ನಾನೂ "ಮರೀಬೇಕು" ಅನ್ನುತ್ತಿದ್ದೆ. ನನ್ನ ಗುರುಗಳು ಹಾಗಂತಿದ್ದರು, ನಾನೂ ಅಂದೆ. ಒಬ್ಬಳು ಹುಡುಗಿ ಮೂರು ವಾರ ಅದನ್ನು ಕೇಳಿಸಿಕೊಂಡು ನಾಲ್ಕನೇ ವಾರ ಬರಲೇ ಇಲ್ಲ. ತುಂಬ ಒಳ್ಳೆಯ ಗಂಟಲು ಅವಳದು. ಆಮೇಲೆ ಆ ಮಾತು ಬಿಟ್ಟೆ.

ಈಗ ಮಣ್ಣಿನ ಗುಣದ ವಿಷಯ. ಧಾರವಾಡ, ಬೆಳಗಾವಿ ಕಡೆಯ ನೀರೇ ಹಾಗೆ, ಕುಡಿದವರೆಲ್ಲ ಖಯಾಲ್ (ಹಿಂದೂಸ್ತಾನಿಯ ಮುಖ್ಯ ಗಾಯನ ಪ್ರಕಾರ) ಹಾಡುತ್ತಾರೆ ಅನ್ನುವುದು ಸನ್ಮಾನದ ಭಾಷಣಕ್ಕೆ ಚೆಂದ. ನಾವೂ ಶಾಲು ಹೊದ್ದುಕೊಂಡು ಕೂತು ತಲೆ ಆಡಿಸುತ್ತೇವೆ. ಆದರೆ ಗಂಗೂಬಾಯಿ ಹಾನಗಲ್ ಅವರ ತಾಯಿ ಅಂಬಾಬಾಯಿ ಏನು ಹಾಡುತ್ತಿದ್ದರು ಗೊತ್ತೇ? ಕರ್ನಾಟಕ ಸಂಗೀತ, ಅದೂ ಧಾರವಾಡದಲ್ಲೇ. ಕಿರಾನಾ ಘರಾಣೆಯ (ಹಿಂದೂಸ್ತಾನಿಯಲ್ಲಿ ಗುರುಪರಂಪರೆಗೆ ಘರಾಣೆ ಅನ್ನುತ್ತಾರೆ) ಉಸ್ತಾದ್ ಅಬ್ದುಲ್ ಕರೀಂ ಖಾನರು ಆ ಮನೆಗೆ ಬಂದು ಕೂತು ಅವರ ಹಾಡು ಕೇಳುತ್ತಿದ್ದರು. 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನ್ಸೂರರಿಗೆ ಮೊದಲ ಪಾಠ ಹೇಳಿದವರು ಅಪ್ಪಯ್ಯಸ್ವಾಮಿ, ಅದೂ ಕರ್ನಾಟಕ ಸಂಗೀತವೇ. ಆಮೇಲೆ ಮಿರಜಿನ ನೀಲಕಂಠಬುವಾ ಅವರ ಹತ್ತಿರ ಗ್ವಾಲಿಯರ್ ಘರಾಣೆಯ ಗಾಯಕಿ, ಅಂದರೆ ಹಾಡುವ ಶೈಲಿ, ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳ ಹತ್ತಿರ ಜೈಪುರ ಘರಾಣೆಯದು. ಅಂದರೆ ನೂರು ವರ್ಷದ ಹಿಂದೆ ಇದೇ ನೀರು ಕುಡಿದು ಜನ ನಿಮ್ಮ ಮಗಳ ಸಂಗೀತವನ್ನೇ ಹಾಡುತ್ತಿದ್ದರು. ನೀರು ಅದೇ ಇದೆ. ಬದಲಾದದ್ದು ಜನ ಓಡಾಡುವ ದಾರಿ.

ಹಿಂದೂಸ್ತಾನಿ ಇಲ್ಲಿಗೆ ಬಂದದ್ದು ವಿಜಯಪುರದ ಆದಿಲ್‌ಶಾಹಿಗಳಿಂದ ಅಂತಲೂ ಕೆಲವರು ಹೇಳುತ್ತಾರೆ. ಎರಡನೇ ಇಬ್ರಾಹಿಂ ಆದಿಲ್‌ಶಾ ನಿಜಕ್ಕೂ ಸಂಗೀತದ ಹುಚ್ಚಿನ ದೊರೆ. ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟಿದ್ದ, ಸರಸ್ವತಿ, ಗಣಪತಿಯ ಮೇಲೆ ದಖ್ಖನ್ನಿನ ಹಳೆಯ ಉರ್ದುವಾದ ದಖನಿಯಲ್ಲಿ ಹಾಡು ಕಟ್ಟಿದ. ಆದರೆ ಅವನು ತೀರಿಕೊಂಡದ್ದು 1627ರಲ್ಲಿ. ನಾವು ಇವತ್ತು ಹಾಡುವ ಖಯಾಲ್ ಅವನ ಕಾಲದಿಂದ ತುಂಡಾಗದೆ ಬಂದದ್ದಲ್ಲ. ನಮ್ಮದು ತೀರಾ ಈಚಿನದು, ರೈಲಿನ ಜೊತೆ ಬಂದದ್ದು.

ರೈಲು ಅಂದದ್ದು ತಮಾಷೆಗಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಪುಣೆಯಿಂದ ಮಿರಜ್, ಬೆಳಗಾವಿ, ಲೋಂಡಾ ಅಂತ ಹಳಿ ಬಿತ್ತು. ಆಗ ಬೆಳಗಾವಿ ಇದ್ದದ್ದು ಮುಂಬೈ ಪ್ರಾಂತ್ಯದಲ್ಲಿ. 1956ರ ನವೆಂಬರ್ 1ರವರೆಗೆ ನಮ್ಮ ಕಾಲೇಜು, ಕೋರ್ಟು, ವ್ಯಾಪಾರ, ಸಂಬಂಧ ಬೆಳೆಸುವುದು ಎಲ್ಲ ಆ ಕಡೆಗೇ. ಹಳಿಯ ಸುತ್ತಮುತ್ತ ಸಣ್ಣಸಣ್ಣ ಸಂಸ್ಥಾನಗಳು: ಕೊಲ್ಹಾಪುರ, ಸಾಂಗಲಿ, ಮಿರಜ್, ಇಚಲಕರಂಜಿ, ಕುರುಂದವಾಡ, ಈ ಕಡೆ ಜಮಖಂಡಿ, ರಾಮದುರ್ಗ. ಗ್ವಾಲಿಯರ್ ಗಾಯಕಿಯನ್ನು ದಖ್ಖನ್ನಿಗೆ ತಂದ ಬಾಲಕೃಷ್ಣಬುವಾ ಇಚಲಕರಂಜಿಯಲ್ಲಿ, ಅಲ್ಲಾದಿಯಾ ಖಾನರು ಕೊಲ್ಹಾಪುರದಲ್ಲಿ, ಅಬ್ದುಲ್ ಕರೀಂ ಖಾನರು ಮಿರಜಿನಲ್ಲಿ. ಮೂರೂ ಊರು ನಮ್ಮಿಂದ ಎರಡು ಮೂರು ಗಂಟೆ ದಾರಿ. ಮೈಸೂರಿಗೆ ತಂಜಾವೂರು, ಮದರಾಸು ಹೇಗೋ ನಮಗೆ ಇವು ಹಾಗೆ. ಇನ್ನು ನಾನು ಕೂತು ಬರೆಯುತ್ತಿರುವ ಶಹಾಪುರವೇ ಸಾಂಗಲಿ ಸಂಸ್ಥಾನದ ತುಂಡು. ಬೆಳಗಾವಿಯ ಒಳಗೇ ಒಂದು ಗಲ್ಲಿ ದಾಟಿದರೆ ಇಂಗ್ಲಿಷರ ಹದ್ದು ಮುಗಿದು ಸಾಂಗಲಿ ರಾಜರ ಹದ್ದು ಶುರು. ನೇಕಾರರು, ಬಂಗಾರದ ಕೆಲಸದವರು ತುಂಬಿದ ಪೇಟೆ.

ಇನ್ನೊಂದು ಮಾತು ನಿಮಗೆ ಖುಷಿ ಕೊಡಬಹುದು. ಆ ಉಸ್ತಾದರು ಬೆಳಗಾವಿ, ಧಾರವಾಡ ದಾಟಿ ಎಲ್ಲಿಗೆ ಹೋಗುತ್ತಿದ್ದರು? ನಿಮ್ಮ ಮೈಸೂರಿಗೆ. ಅರಮನೆಯ ದರ್ಬಾರಿಗೆ. ಹೋಗುವಾಗ, ಬರುವಾಗ ಅಬ್ದುಲ್ ಕರೀಂ ಖಾನರು ಧಾರವಾಡದಲ್ಲಿ ಇಳಿಯುತ್ತಿದ್ದರು. ಕುಂದಗೋಳದ ರಾಮಭಾವು ಎಂಬ ಹುಡುಗ ಅವರ ಶಿಷ್ಯನಾಗಿ ಸವಾಯಿ ಗಂಧರ್ವರಾದರು. ಅವರಿಂದ ಗಂಗೂಬಾಯಿ, ಭೀಮಸೇನ ಜೋಶಿ, ಬಸವರಾಜ ರಾಜಗುರು ಕಲಿತರು. ನಮ್ಮ ಕಡೆ ಖಯಾಲ್ ಬೆಳೆಯಲು ಮೈಸೂರಿನ ಮಹಾರಾಜರೂ ಕಾರಣ ಅಂತ ನಿಮ್ಮ ಪಕ್ಕದ ಮನೆಯವರಿಗೆ ಹೇಳಿ ನೋಡಿ.

ದಾರಿಯಿಂದ ಉಸ್ತಾದರು ಬಂದರು ಸರಿ, ಕೇಳುವವರು ಎಲ್ಲಿಂದ ಬಂದರು? ನಾನು ಹೆಚ್ಚು ಬೆಲೆ ಕೊಡುವುದು ಇದಕ್ಕೆ. ಅವರು ಬಂದದ್ದು ನಾಟಕದಿಂದ. ಮರಾಠಿ ಸಂಗೀತ ನಾಟಕಕ್ಕೆ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1880ರಲ್ಲಿ ಪುಣೆಯಲ್ಲಿ ಅವರು ಶಾಕುಂತಲ ಆಡಿದ ಮೇಲೆ ಈ ಭಾಗದಲ್ಲಿ ನಾಟಕ ಅಂದರೆ ಹಾಡು ಅಂತಲೇ ಆಯಿತು. ನಟ ಒಂದೇ ಪದವನ್ನು ಮೂರು ಸಲ ಹಾಡಿದರೂ ಜನ "ವನ್ಸ್ ಮೋರ್" ಅನ್ನುತ್ತಿದ್ದರು. ಕನ್ನಡ ಕಂಪನಿಗಳೂ ಅವೇ ಧಾಟಿ ಹಿಡಿದು ಕನ್ನಡ ಮಾತು ಕೂಡಿಸಿದವು. ಹಳ್ಳಿಯ ಕಡೆ ಕುಲಗೋಡ ತಮ್ಮಣ್ಣನವರು ಬೆಳೆಸಿದ ಶ್ರೀಕೃಷ್ಣ ಪಾರಿಜಾತ ಎಂಬ ಜನಪದ ನಾಟಕ ಇತ್ತು, ಆಮೇಲೆ ಕೌಜಲಗಿ ನಿಂಗಮ್ಮ ಅದನ್ನು ಊರೂರಿಗೆ ಒಯ್ದರು. ಶಾಲೆಗೆ ಹೋಗದ ರೈತ, ಪೇಟೆಯ ಗುಮಾಸ್ತ, ಮನೆಯ ಹೆಂಗಸರು ರಾಗದ ಹೆಸರು ಗೊತ್ತಿಲ್ಲದೆ ರಾಗ ಕಲಿತದ್ದು ಹೀಗೆ. ನಮ್ಮ ಅಜ್ಜಿ ರೊಟ್ಟಿ ಬಡಿಯುತ್ತಾ ಗುನುಗುತ್ತಿದ್ದದ್ದು ಭೀಮಪಲಾಸಿ ಅಂತ ನನಗೆ ತಿಳಿದದ್ದು ಹತ್ತು ವರ್ಷ ಕಲಿತ ಮೇಲೆ. ಅಜ್ಜಿಗೆ ಅದು "ಆ ನಾಟಕದ ಪದ" ಅಷ್ಟೇ.

ನಾಟಕದ ಜೊತೆಗೇ ಬಂದದ್ದು ಹಾರ್ಮೋನಿಯಂ. ನಾವು ಪೇಟಿ ಅನ್ನುತ್ತೇವೆ. ಕಾಗವಾಡದಲ್ಲಿ 1917ರಲ್ಲಿ ಹುಟ್ಟಿದ ರಾಮಭಾವು ವಿಜಾಪುರೆಯವರು ಬೆಳಗಾವಿಯಲ್ಲೇ ನೆಲೆಸಿ 2010ರಲ್ಲಿ ತೀರಿಕೊಳ್ಳುವವರೆಗೂ ಪೇಟಿಯನ್ನು ಹಾಡಿಸಿದರು. ಎಷ್ಟೋ ಜನರನ್ನು ತಯಾರು ಮಾಡಿದರು. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ದೂರ ಇಟ್ಟಿತ್ತು. ಆ ಮೂವತ್ತು ವರ್ಷವೂ ನಮ್ಮ ಬೈಠಕ್ ಅನ್ನುವ ಸಣ್ಣ ಕಚೇರಿಗಳಲ್ಲಿ, ಭಜನೆಯಲ್ಲಿ ಪೇಟಿ ಬಿಡದೆ ನಡೆಯಿತು. ಇವತ್ತು ಈ ಊರಿನಲ್ಲಿ ಪೇಟಿ, ತಬಲಾ ಸಾಥಿಗೆ ಯಾರನ್ನಾದರೂ ಕರೆಯಬೇಕೆಂದರೆ ಒಂದು ಫೋನು ಸಾಕು. ಮೃದಂಗ, ಪಿಟೀಲಿಗೆ? ಹುಬ್ಬಳ್ಳಿವರೆಗೂ ಹುಡುಕಬೇಕಾಗುತ್ತದೆ.

ನಿಮ್ಮ "ಹೇಗೆ?" ಅನ್ನುವ ಪ್ರಶ್ನೆಗೆ ಉತ್ತರ ಇದೇ. ಕರ್ನಾಟಕ ಸಂಗೀತದ ಹೆಸರಿನಲ್ಲಿರುವ ಕರ್ನಾಟಕ ಬೇರೆ, 1956ರ ರಾಜ್ಯದ ಗಡಿ ಬೇರೆ. ಸಂಗೀತ ನಕ್ಷೆ ನೋಡಿ ನಡೆಯುವುದಿಲ್ಲ. ಹಳೆ ಮೈಸೂರಿನಿಂದ ಬಂದ ಮನೆಗಳಲ್ಲಿ ಕರ್ನಾಟಕ ಸಂಗೀತ ಕಲಿಸುವವರು ಇಲ್ಲೂ ಕೆಲವರಿದ್ದಾರೆ, ನಿಮ್ಮ ಟಿಳಕವಾಡಿಯಲ್ಲೇ ವಿಚಾರಿಸಿ. ಕ್ಯಾಂಪಿನ ಕಡೆ ಹೋದರೆ ಚರ್ಚಿನ ಕ್ವಾಯರ್, ಗಿಟಾರು, ಮಿಲಿಟರಿ ಬ್ಯಾಂಡು. ಅದು ಇನ್ನೊಂದು ಊರೇ.

ಅತ್ತೆಯವರ ಚಿಂತೆಗೆ ಬರೋಣ. ಖಯಾಲಿನ ಬಂದಿಶ್‌ಗಳು, ಅಂದರೆ ಕಟ್ಟಿದ ಹಾಡುಗಳು, ಹೆಚ್ಚಾಗಿ ಹಿಂದಿಗೆ ಹತ್ತಿರದ ಬ್ರಜ್ ಭಾಷೆಯಲ್ಲಿರುತ್ತವೆ, ನಿಜ. ನಾಟ್ಯಗೀತೆ, ಅಭಂಗ ಮರಾಠಿಯಲ್ಲಿ. ಆದರೆ ಅವರಿಗೆ ಭೀಮಸೇನ ಜೋಶಿಯವರ ದಾಸರ ಪದ ಹಾಕಿ ಕೇಳಿಸಿ, ಮನ್ಸೂರರ ವಚನ ಕೇಳಿಸಿ. ಅದೇ ಭೀಮಸೇನರು ಅಭಂಗ ಹಾಡಿ ಮಹಾರಾಷ್ಟ್ರದ ಮನೆಮನೆಗೂ ಹೋದರು. ಇನ್ನು ಕುಮಾರ ಗಂಧರ್ವ. ಹುಟ್ಟಿದ್ದು 1924ರಲ್ಲಿ ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ, ಮನೆಯ ಹೆಸರು ಶಿವಪುತ್ರ, ಹಾಡಿ ಹೆಸರಾದದ್ದು ಕಬೀರನ ಭಜನೆಗೆ. ಅದೇ 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಬಾಲಕಿ ಗಂಗೂಬಾಯಿ ಸ್ವಾಗತ ಗೀತೆ ಹಾಡಿದರು. ಇಲ್ಲಿ ಭಾಷೆಯ ಜಗಳ ಬೀದಿಯಲ್ಲಿ ನಡೆದಿದೆ, ಇಲ್ಲ ಅನ್ನುವುದಿಲ್ಲ. ಬೈಠಕ್ಕಿನಲ್ಲಿ ನಾನು ಕಂಡಿಲ್ಲ. ಪೇಟಿಯವನು ಮರಾಠಿ, ತಬಲಾದವನು ಉರ್ದು, ಹಾಡುವವಳು ಕನ್ನಡ, ಚಹಾ ಎಲ್ಲರಿಗೂ ಒಂದೇ ಕಿಟ್ಲಿಯಿಂದ. ದೇವರನಾಮ ಮರೆಯುವುದು ಮನೆಯಲ್ಲಿ ಹಾಡದಿದ್ದರೆ. ಅದಕ್ಕೆ ಹಿಂದೂಸ್ತಾನಿಯನ್ನು ದೂರಬೇಡಿ.

ಗಂಟಲು ಕೆಡುವ ವಿಷಯ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ಅಲ್ಲಿ ಸುಳ್ಳಿನ ಜೊತೆ ಸ್ವಲ್ಪ ನಿಜವೂ ಇದೆ.

ಪದ್ಧತಿ ಬದಲಾಯಿಸಿದರೆ ಗಂಟಲು ಕೆಡುವುದಿಲ್ಲ. ಗಂಟಲು ಕೆಡುವುದು ತನ್ನದಲ್ಲದ ಶ್ರುತಿಯಲ್ಲಿ ಹಾಡಿದರೆ, ಕೂಗಿದರೆ, ನೆಗಡಿಯಲ್ಲೂ ಬಿಡದೆ ಹಾಡಿಸಿದರೆ. ಹನ್ನೆರಡು ಹದಿಮೂರರಲ್ಲಿ ಹೆಣ್ಣುಮಕ್ಕಳ ದನಿಯೂ ಬದಲಾಗುತ್ತದೆ. ಗಂಡುಮಕ್ಕಳ ಹಾಗೆ ಒಡೆದು ಕಾಣುವುದಿಲ್ಲ ಅಷ್ಟೇ. ಸ್ವಲ್ಪ ಗಾಳಿ ಸೇರುತ್ತದೆ, ಮೇಲಿನ ಸ್ವರ ಕೆಲವು ದಿನ ಸಿಗುವುದಿಲ್ಲ. ಆ ಹೊತ್ತಿನಲ್ಲಿ ಕ್ಲಾಸು ಬದಲಾದರೆ ಜನ ಹೊಸ ಕ್ಲಾಸಿಗೆ ಬೈಯುತ್ತಾರೆ. ಮಗಳು ಮೈಸೂರಿನಲ್ಲಿ ಎಷ್ಟು ಮನೆ ಶ್ರುತಿಗೆ (ಹಾರ್ಮೋನಿಯಂನ ಯಾವ ಕೀಲಿಗೆ) ಹಾಡುತ್ತಿದ್ದಳು ಅಂತ ನೀವು ಬರೆದಿಲ್ಲ. ಐದೂವರೆ ಇದ್ದರೆ ಇಲ್ಲಿ ಅದನ್ನು ಕಾಳಿ ಚಾರ್ ಅನ್ನುತ್ತಾರೆ, ನಾಲ್ಕನೇ ಕರಿ ಮನೆ. ದನಿ ಒಂದೇ, ಹೆಸರು ಬೇರೆ. ಇದು ಗೊತ್ತಿಲ್ಲದೆ ಒಂದು ಮಗು ಎರಡು ತಿಂಗಳು ತಪ್ಪು ಶ್ರುತಿಯಲ್ಲಿ ಹಾಡಿದ್ದನ್ನು ನೋಡಿದ್ದೇನೆ. "ಐದು" ಅಂತ ಹೇಳಿತ್ತು, ಕಲಿಸುವವರು ಕಾಳಿ ಪಾಂಚ್ ಹಿಡಿದರು. ಒಂದೂವರೆ ಸ್ವರ ಮೇಲೆ!

ಹೆಸರಿನ ಗೊಂದಲ ರಾಗದಲ್ಲೂ ಇದೆ. ನಿಮ್ಮ ಮೋಹನ ಇಲ್ಲಿ ಭೂಪ. ಕಲ್ಯಾಣಿ ಹತ್ತಿರಹತ್ತಿರ ಯಮನ್. ಮಾಯಾಮಾಳವಗೌಳದ ಸ್ವರಗಳು ಭೈರವ್. ತೋಡಿ ಅಂದರೆ ಮಾತ್ರ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಾರೆ: ನಿಮ್ಮ ತೋಡಿಯ ಸ್ವರ ನಮಗೆ ಭೈರವಿ, ನಮ್ಮ ತೋಡಿಯ ಸ್ವರ ನಿಮಗೆ ಶುಭಪಂತುವರಾಳಿ. ನಿಮ್ಮ ಹಿಂದೋಳ ನಮಗೆ ಮಾಲಕಂಸ, ನಮ್ಮ ಹಿಂಡೋಲ್ ಮತ್ತೊಂದು ರಾಗ. ಸುಮ್ನೆ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಅರ್ಧ ಅಳು ನಿಲ್ಲುತ್ತದೆ.

ನಿಜ ಇರುವುದು ಇಲ್ಲಿ. ಒಂದು ಸಲ ಒಬ್ಬ ಹುಡುಗಿಗೆ ಮಾಲಕಂಸ ಶುರು ಮಾಡಿದೆ. ಹಿಂದೋಳ ಚೆನ್ನಾಗಿ ಬರುತ್ತಿತ್ತು ಅವಳಿಗೆ. ಸಾ ಹಿಡಿದಳು, ಗಾಂಧಾರಕ್ಕೆ ಹೋದಳು. ಗಾಂಧಾರ ನಿಲ್ಲಲಿಲ್ಲ, ಮಧ್ಯಮದ ಕಡೆ ತೂಗಿ ತೂಗಿ ಬಂತು. ನಿಷಾದವೂ ಹಾಗೆ. ಹಿಂದೋಳಕ್ಕೆ ಅದು ಸರಿ, ಅದೇ ಅದರ ಜೀವ. ಮಾಲಕಂಸದಲ್ಲಿ ಗಾಂಧಾರ ದೀಪದ ಕುಡಿ ಗಾಳಿ ಇಲ್ಲದೆ ನಿಂತ ಹಾಗೆ ನಿಲ್ಲಬೇಕು, ಆಮೇಲೆ ಮೀಂಡ್‌ನಲ್ಲಿ, ಅಂದರೆ ದನಿ ಕಡಿಯದೆ, ಸಾ ಕಡೆಗೆ ಜಾರಬೇಕು. "ತಪ್ಪು" ಅಂದೆನೋ, ಅವಳ ಮುಖ ಇಳಿಯಿತು. ಅವಳು ತಪ್ಪು ಹಾಡಿರಲಿಲ್ಲ. ಎದ್ದು ತಂಬೂರಿ ಕೈಗೆ ಕೊಟ್ಟು, ಗಾಂಧಾರ ಒಂದನ್ನೇ ಉಸಿರು ಇರುವಷ್ಟು ಹೊತ್ತು ಹಿಡಿ ಅಂದೆ. ಎಂಟು ದಿನ ಅದೊಂದೇ. ಒಂಬತ್ತನೇ ದಿನ ಅವಳೇ ಕೇಳಿದಳು, "ಸರ, ಈಗ ಅದನ್ನೂ ಹಾಡ್ಲಾ, ಇದನ್ನೂ ಹಾಡ್ಲಾ?" ಎರಡನ್ನೂ ಹಾಡಿದಳು. ಎರಡೂ ಬೇರೆ ಬೇರೆ ಇದ್ದವು.

ಅಂದರೆ ಕಷ್ಟ ಇರುವುದು ಗಂಟಲಲ್ಲಲ್ಲ, ಕಿವಿಯಲ್ಲಿ. ಎರಡು ಬೇರೆ ನಡಿಗೆಗಳನ್ನು ಒಂದೇ ವಾರದಲ್ಲಿ ಇಬ್ಬರು ಗುರುಗಳು ತಿದ್ದಿದರೆ ಮಗು ಗೊಂದಲಕ್ಕೆ ಬೀಳುತ್ತದೆ. ಗಂಗೂಬಾಯಿ ಹಿಂದೂಸ್ತಾನಿ ಕಲಿಯಲು ಶುರು ಮಾಡಿದ ಮೇಲೆ ಅಂಬಾಬಾಯಿಯವರು ಮಗಳ ಕಿವಿಯಲ್ಲಿ ಎರಡೂ ಕಲೆಸಬಾರದು ಅಂತ ತಮ್ಮ ಹಾಡನ್ನೇ ನಿಲ್ಲಿಸಿದರಂತೆ. ಈ ಕಥೆ ಹೇಳಿಯೇ "ನೋಡ್ರಿ, ಮರೀಬೇಕು" ಅನ್ನುವವರಿದ್ದಾರೆ. ನನಗೆ ಅದರಲ್ಲಿ ಕಾಣುವುದು ಬೇರೆ. ಬಿಟ್ಟುಕೊಟ್ಟದ್ದು ತಾಯಿ, ಮಗುವಿಗೆ ಮರೆ ಅಂದದ್ದಲ್ಲ. ಮನ್ಸೂರರು ಎರಡನ್ನೂ ಕಲಿತರು. ಗದುಗಿನ ಪಂಚಾಕ್ಷರಿ ಗವಾಯಿಗಳು ಎರಡರಲ್ಲೂ ಪಂಡಿತರು. ಅಬ್ದುಲ್ ಕರೀಂ ಖಾನರೇ ತ್ಯಾಗರಾಜರ ಕೃತಿಯೊಂದನ್ನು ಹಾಡಿ ರೆಕಾರ್ಡ್ ಕೊಟ್ಟಿದ್ದಾರೆ. ಹುಡುಕಿ ಮಗಳಿಗೆ ಕೇಳಿಸಿ, ನಗುತ್ತಾಳೆ.

ಹಾಗಾದರೆ ಏನು ಮಾಡುವುದು? ನಿಮ್ಮ ಮುಂದಿನ ವರ್ಗ ಯಾವಾಗ ಅನ್ನುವುದರ ಮೇಲೆ ಹೆಚ್ಚು ನಿಂತಿದೆ. ಎರಡು ವರ್ಷದಲ್ಲಿ ವಾಪಸ್ಸು ಅನ್ನುವುದಾದರೆ ಮೈಸೂರಿನ ಟೀಚರ್ ಹತ್ತಿರವೇ ಆನ್‌ಲೈನ್‌ನಲ್ಲಿ ಮುಂದುವರಿಸಿ. ಅದರ ಕಷ್ಟ ಗೊತ್ತಿರಲಿ. ಫೋನಿನಲ್ಲಿ ದನಿ ಅರೆಕ್ಷಣ ತಡವಾಗಿ ಬರುವುದರಿಂದ ಇಬ್ಬರೂ ಕೂಡಿ ಹಾಡಲು, ತಾಳ ಹಾಕಲು ಆಗುವುದಿಲ್ಲ. ಒಬ್ಬರು ಹಾಡಿ ನಿಲ್ಲಿಸಬೇಕು, ಇನ್ನೊಬ್ಬರು ಹೇಳಬೇಕು. ಹೊಸ ಕೃತಿ ನಿಧಾನ, ಸ್ಥಳದಲ್ಲೇ ಸ್ವರ ಹೆಣೆಯುವ ಕಲ್ಪನಾಸ್ವರ ಇನ್ನೂ ನಿಧಾನ. ಅದಕ್ಕಿಂತ ದೊಡ್ಡ ಕೊರತೆ ಅಂದರೆ ಸಂಜೆ ಹೊರಗೆ ಹೋದರೆ ಆ ಸಂಗೀತ ಕಿವಿಗೆ ಬೀಳುವುದಿಲ್ಲ. ರಜೆಯಲ್ಲಿ ಮೈಸೂರಿಗೆ ಹೋದಾಗ ಬೆಳಗಿನಿಂದ ಸಂಜೆ ಟೀಚರ್ ಮನೆಯಲ್ಲಿ ಬಿಡಿ.

ಐದಾರು ವರ್ಷ ಇಲ್ಲೇ ಅಂದರೆ ಹಿಂದೂಸ್ತಾನಿಗೆ ಸೇರಿಸಿ ಅನ್ನುತ್ತೇನೆ. ಕಲಿಸುವವರು ಜಾಸ್ತಿ ಇದ್ದಾರೆ ಅನ್ನುವುದು ಅದಕ್ಕೆ ಕಾರಣವಲ್ಲ. ಅವಳು ಗಣಪತಿ ಮಂಟಪಕ್ಕೆ ಹೋದರೂ, ಗೆಳತಿಯ ಮನೆಯ ಭಜನೆಗೆ ಹೋದರೂ, ಭಜನೆಯ ಮೆರವಣಿಗೆ ದಿಂಡಿಯ ಹಿಂದೆ ನಡೆದರೂ ಆ ಸ್ವರಗಳೇ ಸಿಗುತ್ತವೆ. ಕ್ಲಾಸಿನಲ್ಲಿ ಕಲಿಯುವುದು ವಾರಕ್ಕೆ ಎರಡು ಗಂಟೆ, ಉಳಿದದ್ದನ್ನು ಊರು ಕಲಿಸುತ್ತದೆ. ಅಪಾಯ ಇಲ್ಲವೆಂದಲ್ಲ. ಮೊದಲ ವರ್ಷ ಅವಳಿಗೆ ಹಿಂದಕ್ಕೆ ಹೋದ ಹಾಗೆ ಅನ್ನಿಸುತ್ತದೆ. ವರ್ಣ ಹಾಡಿದವಳನ್ನು ಎಂಟು ವರ್ಷದ ಮಕ್ಕಳ ಜೊತೆ ಕೂರಿಸಿ ಪಲ್ಟಾ (ಸ್ವರಾಭ್ಯಾಸ) ಹೇಳಿಸಿದರೆ ಯಾವ ಹನ್ನೆರಡರ ಹುಡುಗಿ ಸಹಿಸುತ್ತಾಳೆ? ಒಬ್ಬಳಿಗೇ ಪ್ರತ್ಯೇಕ ಹೇಳುವವರನ್ನು ಹುಡುಕಿ. ವಿಲಂಬಿತ, ಅಂದರೆ ತುಂಬ ನಿಧಾನದ ಲಯ ಅವಳಿಗೆ ಮೊದಲು ಬೇಜಾರು ತರಿಸುತ್ತದೆ, ಇದೂ ಮಾಮೂಲು. ಕೈಯಲ್ಲಿ ಆದಿತಾಳ ಹಾಕಿ ಅಭ್ಯಾಸ ಆದವರಿಗೆ ತಬಲಾದ ಠೇಕಾ (ತಾಳದ ಬಡಿತ) ಕೇಳಿ ಸಮ್ (ತಾಳದ ಸುತ್ತಿನ ಮೊದಲ ಪೆಟ್ಟು) ಹಿಡಿಯಲು ಆರು ತಿಂಗಳು ಬೇಕು.

ಎರಡನ್ನೂ ಒಟ್ಟಿಗೆ ಅನ್ನುವವರು ಇದ್ದಾರೆ. ಮೊದಲ ಆರೆಂಟು ತಿಂಗಳು ಬೇಡ. ಆ ಹೊತ್ತಿನಲ್ಲಿ ಹೊಸ ಕೃತಿ ನಿಲ್ಲಿಸಿ, ಕಲಿತ ಏಳೆಂಟು ಕೃತಿಗಳನ್ನು ಭಾನುವಾರ ಮನೆಯಲ್ಲಿ ಅತ್ತೆಯವರ ಮುಂದೆ ಹಾಡಲಿ. ಅವರಿಗೂ ಸಮಾಧಾನ. ಸ್ವರ ನಿಲ್ಲುವುದು ಬಂದ ಮೇಲೆ ಎರಡನ್ನೂ ನಡೆಸಬಹುದು, ಅವಳಿಗೇ ಬೇಕಿದ್ದರೆ.

ಪರೀಕ್ಷೆಯ ಚಿಂತೆ ಮಾಡಬೇಡಿ. ಸರ್ಕಾರದ ಜೂನಿಯರ್, ಸೀನಿಯರ್ ಎರಡೂ ಪದ್ಧತಿಯಲ್ಲಿವೆ. ಇಲ್ಲಿ ಎಷ್ಟೋ ಮಕ್ಕಳು ಮಿರಜಿನ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪರೀಕ್ಷೆಗೆ ಕೂರುತ್ತಾರೆ. ಮೊದಲ ವರ್ಷವೇ ಯಾವುದಕ್ಕೂ ಕೂರಿಸಬೇಡಿ.

ರಜೆಯಲ್ಲಿ ಒಂದು ದಿನ ಮಿರಜಿಗೆ ಕರೆದುಕೊಂಡು ಹೋಗಿ. ತಂಬೂರಿ ಮಾಡುವವರ ಅಂಗಡಿಗಳಿವೆ. ನನ್ನ ತಂಬೂರಿಯ ಜವಾರಿ (ತಂತಿಯ ಝೇಂಕಾರ) ಕೆಟ್ಟಾಗಲೆಲ್ಲ ನಾನೂ ಅದೇ ರೈಲು ಹತ್ತುತ್ತೇನೆ. ಅಲ್ಲಿನ ಒಬ್ಬ ಮುದುಕರು ತಂತಿ ಕೂರುವ ಕುದುರೆಯನ್ನು ಅರದಿಂದ ಎರಡು ಸಲ ಉಜ್ಜಿ, ತಂತಿಯ ಕೆಳಗಿನ ನೂಲನ್ನು ಕೂದಲೆಳೆಯಷ್ಟು ಸರಿಸುತ್ತಾರೆ. ಸತ್ತಂತಿದ್ದ ತಂತಿ ಝೇಂಕರಿಸಲು ಶುರು ಮಾಡುತ್ತದೆ. ಅದನ್ನು ಮಗಳು ಹತ್ತಿರ ಕೂತು ನೋಡಲಿ. ಅಲ್ಲಿಂದ ಹಾಗೇ ಮೀರಾಸಾಹೇಬರ ದರ್ಗಾಕ್ಕೆ ಹೋಗಿ. ಅಬ್ದುಲ್ ಕರೀಂ ಖಾನರು ಮಣ್ಣಾದದ್ದು ಅಲ್ಲೇ. ಉರುಸಿನಲ್ಲಿ ಅವರ ನೆನಪಿಗೆ ಈಗಲೂ ಹಾಡುತ್ತಾರೆ.

ಇನ್ನು ಗುರುಗಳನ್ನು ಆರಿಸುವುದು. ಫೀಸು, ಬೋರ್ಡು, ಗೋಡೆಯ ಮೇಲಿನ ಫೋಟೋ ನೋಡಬೇಡಿ. ಮೊದಲ ದಿನ ಮಗಳಿಗೆ ಬರುವ ಕೃತಿಯಲ್ಲಿ ತುಂಬ ಇಷ್ಟದ್ದನ್ನು ಹಾಡಿಸಿ. ಅರ್ಧಕ್ಕೆ ಕೈ ಎತ್ತಿ ನಿಲ್ಲಿಸಿದರೆ ನಮಸ್ಕಾರ ಹೇಳಿ ಬಂದುಬಿಡಿ. ಕೊನೆಯವರೆಗೆ ಕೇಳಿ, "ಇದ ರಾಗ ನಮ್ಮಲ್ಲಿ ಹಿಂಗ್ ಹಾಡ್ತೀವಿ ನೋಡವ್ವಾ" ಅಂತ ತಂಬೂರಿ ತೆಗೆದುಕೊಂಡರೆ, ನಾಳೆಯಿಂದಲೇ ಕಳಿಸಿ.